ನರ್ಸಮ್ಮನ ಕೈಗೆ ನೀರು

ಚುನಾವಣೆ ಮುಗಿದಿತ್ತು, ಜಗಳ ಮುಗಿದಿರಲಿಲ್ಲ. ಕೊಡಗು ಮೈಸೂರಿಗೆ ಸೇರಬೇಕು ಎಂದು ಕೆಳಕೇರಿಯವರು, ಕೊಡಗು ಕೊಡಗಾಗಿಯೇ ಇರಲಿ ಎಂದು ಮೇಲ್ಕೇರಿಯವರು. ಶನಿವಾರಸಂತೆಯ ಸಂತೆಮಾಳದಲ್ಲಿ ಬಡಿದಾಡಿ, ತಲೆ ಒಡೆದುಕೊಂಡು, ಕೊನೆಗೆ ಎಲ್ಲರೂ ಒಂದೇ ಆಸ್ಪತ್ರೆಗೆ ಬಂದು ಬಿದ್ದರು. ಅಂದು ನರ್ಸ್ ಮುತ್ತಮ್ಮ ಒಂದೇ ಬ್ಯಾಂಡೇಜಿನ ಸುರುಳಿಯಿಂದ ಎರಡೂ ಕೇರಿಯ ತಲೆಗಳನ್ನು ಸುತ್ತಿದ್ದಳು. ಕೊಡಗು ಎಲ್ಲಿಗೆ ಸೇರಿದರೂ ಈ ತಲೆಗಳೊಳಗೆ ಬುದ್ಧಿಯಂತೂ ಸೇರುವುದಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು.

ಗಾಯ ಒಣಗುವಷ್ಟರಲ್ಲಿ ಮೇಲ್ಕೇರಿಯ ಮಹದೇವಪ್ಪನವರು ತಮ್ಮವರನ್ನೆಲ್ಲ ಕೂಡಿಸಿ, ಕೆಳಕೇರಿಯ ಒಬ್ಬರಿಗೂ ಬೆಂಕಿ ನೀರು ಕೊಡಕೂಡದು ಎಂದು ಆಣೆ ಹಾಕಿಸಿದರು. ಬೆಂಕಿ ಹಾಳಾಗಿ ಹೋಗಲಿ, ಬೆಂಕಿಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ. ನೀರು? ಊರಿಗೆಲ್ಲ ಇದ್ದ ಒಂದೇ ಒಳ್ಳೆಯ ಬಾವಿ ಮಹದೇವಪ್ಪನವರ ಮನೆ ಮುಂದೆ. ಕೆಳಕೇರಿಗೆ ಉಳಿದದ್ದು ಎಮ್ಮೆ ಹೊರಳುವ ಕಟ್ಟೆ. ಬೇಸಿಗೆಗೆ ಅದೂ ರಾಡಿಯಾಯಿತು. ಹೋದ ತಿಂಗಳು ಆ ಕೇರಿಯಲ್ಲಿ ಹೆತ್ತವಳೊಬ್ಬಳು ಬಾಣಂತಿ ಜ್ವರ ಬಂದು ಹೋಗಿಯೇಬಿಟ್ಟಳು. ಆ ಹೆರಿಗೆಗೆ ಮುತ್ತಮ್ಮನನ್ನು ಯಾರೂ ಕರೆದಿರಲಿಲ್ಲ.

ಈ ಸಲ ಕರೆದರು. ನೋವು ತಿನ್ನುತ್ತಿದ್ದವಳು ಚನ್ನಾಜಮ್ಮ. ಕೆಳಕೇರಿಯ ಶಿವಶಂಕರಪ್ಪನವರ ಸೊಸೆ, ಆದರೆ ಹುಟ್ಟಿದ್ದು ಮೇಲ್ಕೇರಿಯಲ್ಲಿ, ಮಹದೇವಪ್ಪನವರ ಸ್ವಂತ ಮಗಳು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯಬೇಕಾದ ಅಪ್ಪ, ಆಣೆ ಹಿಡಿದುಕೊಂಡು ಕೂತಿದ್ದರು.

ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಮುತ್ತಮ್ಮ ಇಣುಕಿ ನೋಡಿದಳು. ಕಾಫಿ ಬಣ್ಣ.

"ರಾಡಿ ಕುದಿಸಿದ್ರೆ ಬಿಸಿ ರಾಡಿ ಆಯ್ತದೆ, ಯಜಮಾನ್ರೇ. ಇದ್ರಲ್ಲಿ ಕೈ ತೊಳ್ದು ನಿಮ್ಮ ಸೊಸೇನ ನಾನು ಮುಟ್ಟಕಿಲ್ಲ."

"ಆ ಬಾವಿಗೆ ನಮ್ಮೋರು ಹೋಗಲ್ಲ ನರ್ಸಮ್ಮ. ನಮಗೂ ಮಾನ ಐತೆ," ಎಂದರು ಶಿವಶಂಕರಪ್ಪ.

"ಮಾನ ನೀವೇ ಇಟ್ಕಳಿ. ನನಗೊಂದು ಕೊಡ ಕೊಡಿ."

ಕೊಡ ಸೊಂಟಕ್ಕಿಟ್ಟುಕೊಂಡು ಬಿರಬಿರನೆ ಏರಿ ಹತ್ತಿದಳು. ಮಹದೇವಪ್ಪ ಬಾವಿಕಟ್ಟೆಯ ಮೇಲೇ ಕೂತಿದ್ದರು. ಬೆಳಗ್ಗೆಯಿಂದ ಅಲ್ಲಿಂದ ಎದ್ದಿರಲಿಲ್ಲವಂತೆ.

"ಆಣೆ ಹಾಕಿವ್ನಿ, ನರ್ಸಮ್ಮ. ಕೆಳಕೇರಿಯೋರಿಗೆ ನೀರಿಲ್ಲ."

"ಕೆಳಕೇರಿಯೋರಿಗೆ ಅಂತ ಯಾರು ಕೇಳಿದ್ರು? ನೀರು ಬೇಕಾಗಿರೋದು ನನಗೆ, ನನ್ನ ಕೈ ತೊಳ್ಕಳಕ್ಕೆ. ನಾನು ಫ್ರೇಜರ್‌ಪೇಟೆ ಕಡೆಯೋಳು. ನಿಮ್ಮ ಆಣೇಲಿ ನನ್ನ ಕೈ ಸೇರೈತಾ?"

ಮಹದೇವಪ್ಪ ಬಾವಿಯೊಳಕ್ಕೆ ಇಣುಕಿದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ವಿಶಾಲಾಕ್ಷಮ್ಮ ಗಂಡನನ್ನೇ ನೋಡುತ್ತಿದ್ದರು. ಕೊಡದೆ ಕದಲುವುದಿಲ್ಲ ಎಂದು ಮುತ್ತಮ್ಮ ನಿಂತೇ ನಿಂತಳು. ಕೊನೆಗೆ ಮಹದೇವಪ್ಪ ಎದ್ದು, ತಾವೇ ಹಗ್ಗ ಬಿಟ್ಟು ನೀರು ಸೇದಿ ಕೊಡ ತುಂಬಿಸಿದರು. ವಿಶಾಲಾಕ್ಷಮ್ಮ ಇನ್ನೊಂದು ಕೊಡ ತಂದು ಪಕ್ಕದಲ್ಲಿಟ್ಟರು.

"ಕೈ ತೊಳೆಯಕ್ಕೆ ಎರಡು ಕೊಡಾನಾ?"

"ನನ್ನ ಕೈ ಭಾರಿ ಕೊಳೆ, ಯಜಮಾನ್ರೇ."

ಸಂಜೆಗೆ ಹೆಣ್ಣುಮಗು ಹುಟ್ಟಿತು. ಆದರೆ ಮುತ್ತಮ್ಮನಿಗೆ ಗೊತ್ತಿತ್ತು, ಬಾಣಂತಿ ಜ್ವರ ಹೆರಿಗೆಯ ದಿನ ಬರುವುದಿಲ್ಲ, ಆಮೇಲೆ ಬರುತ್ತದೆ. ದಿನಾ ಬಂದಳು. ದಿನಾ ಬಾವಿಗೆ ಹೋದಳು. ಬಾಣಂತಿಯ ಬಟ್ಟೆ ಕುದಿಸಲು ನೀರು, ಮಗುವಿಗೆ ಎರೆಯಲು ನೀರು, ಎಲ್ಲವೂ ನರ್ಸಮ್ಮನ ಕೈಗೆ! ಕೊಡ ಹೊರಲು ಕೆಳಕೇರಿಯ ಹೆಂಗಸರನ್ನು ಜೊತೆಗೆ ಕರೆತಂದಳು. ಮೊದಲು ಒಬ್ಬಳು, ಆಮೇಲೆ ಕೇರಿಗೆ ಕೇರಿಯೇ ಸಾಲುಗಟ್ಟಿ ಬಂತು.

"ಅಬ್ಬಬ್ಬಾ, ಅದೇನು ಕೈಯೋ, ಆನೆ ಮೈಯೋ!" ಎಂದು ಮೇಲ್ಕೇರಿಯ ಹೆಂಗಸರು ನಗುತ್ತಾ ತಾವೇ ಹಗ್ಗ ಎಳೆದುಕೊಟ್ಟರು.

ಮಹದೇವಪ್ಪ ಮಗಳ ಹೆಸರೆತ್ತಲಿಲ್ಲ. ನೀರು ಸೇದುತ್ತಾ, ಬಾವಿಯೊಳಗೆ ನೋಡುತ್ತಲೇ ಕೇಳುತ್ತಿದ್ದರು.

"ಕೈ ಹೆಂಗೈತೆ, ನರ್ಸಮ್ಮ?"

"ಚೆನ್ನಾಗೈತೆ. ಜ್ವರ ಇಲ್ಲ. ರಾತ್ರಿ ನಿದ್ದೆ ಬಂತಂತೆ."

"ಆ... ಸಣ್ಣ ಕೈ?"

"ಊರು ಕಿತ್ತೋಗೋ ಹಂಗೆ ಅಳ್ತದೆ. ಥೇಟ್ ತಾತನ ಗಂಟಲು."

ಆ ಮುದುಕ ತುಂಬಿದ ಕೊಡಕ್ಕೇ ಮತ್ತೆ ನೀರು ಸುರಿಯುತ್ತಿದ್ದುದು ಮುತ್ತಮ್ಮನಿಗೆ ಕಂಡಿತು. ಅಯ್ಯೋ ಎನಿಸಿತು. ಇಷ್ಟು ದಿನ ಇವರನ್ನು ಬೈದುಕೊಂಡದ್ದೆಲ್ಲ ಸರಿಯೇ, ಆದರೂ ಅಯ್ಯೋ ಎನಿಸಿತು. ಇನ್ನು ಈ ಅಪ್ಪ ಮಗಳ ನಡುವೆ ನಾನು ನಿಲ್ಲಬಾರದು ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು.

ತೊಟ್ಟಿಲಿಗೆ ಹಾಕುವ ದಿನ ಬಾವಿಗೆ ಹೋಗಲಿಲ್ಲ, ಬೇಕೆಂದೇ. ಶಿವಶಂಕರಪ್ಪನವರ ಅಂಗಳ ಕಾಣುವಂತೆ, ಕೆಳಕೇರಿಯ ತಿರುವಿನಲ್ಲಿದ್ದ ಹಲಸಿನ ಮರದ ಮರೆಗೆ ನಿಂತು ಕಾದಳು. ಬಿಸಿಲು ಏರಿತು. ಬರುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ, ಹೆಗಲ ಮೇಲೆ ಕೊಡ ಹೊತ್ತು ಮಹದೇವಪ್ಪ ಇಳಿದು ಬಂದರು. ಹಿಂದೆ ತೊಟ್ಟಿಲ ಬಟ್ಟೆಯ ಗಂಟು ಹಿಡಿದು ವಿಶಾಲಾಕ್ಷಮ್ಮ.

ಅಂಗಳದಲ್ಲಿ ಶಿವಶಂಕರಪ್ಪ ಎದ್ದು ನಿಂತರು.

"ನರ್ಸಮ್ಮನ ಕೈಗೆ ನೀರು ತಂದಿವ್ನಿ," ಎಂದರು ಮಹದೇವಪ್ಪ.

"ನರ್ಸಮ್ಮ ಇನ್ನೂ ಬಂದಿಲ್ವಲ್ಲ."

ಕೊಡ ಇಳಿಸುವ ಹಾಗಿಲ್ಲ, ಹಿಂದಕ್ಕೆ ಒಯ್ಯುವ ಹಾಗಿಲ್ಲ. ಹೆಗಲ ಮೇಲಿಂದ ನೀರು ತುಳುಕಿ ಮಹದೇವಪ್ಪನವರ ಅಂಗಿ ನೆನೆಯಿತು. ಒಳಗೆ ಮಗು ಕಿರುಚಿತು.

ಶಿವಶಂಕರಪ್ಪ ಮುಂದೆ ಬಂದು ಕೊಡಕ್ಕೆ ಕೈ ಕೊಟ್ಟರು.

"ಅವರು ಬರೋಗಂಟ ಒಳಗೆ ಕೂತ್ಕಳಿ, ಬೀಗ್ರೇ."

ಮುತ್ತಮ್ಮ ಚೀಲವನ್ನು ಹಲಸಿನ ಬೇರಿನ ಮೇಲಿಟ್ಟು, ಪಕ್ಕದಲ್ಲಿ ಕೂತು, ಕಾಲು ಚಾಚಿದಳು. ಹೊತ್ತು ಮುಳುಗುವವರೆಗೂ ಆ ಮನೆಗೆ ಹೋಗುವುದಿಲ್ಲ ಎಂದು ನಿರ್ಧರಿಸಿದಳು.