ಕಪ್ಪು ಪುಟ, ಹಳದಿ ಅಕ್ಷರ

ಆಫೀಸಿನಲ್ಲಿ ಅವಳನ್ನು ಎಲ್ಲರೂ ದೂರಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಯಾರೋ ತಿಳಿಯದು, ಆದರೆ ಸುಮ್ಮನೆ ಇಟ್ಟಿರಲಿಲ್ಲ. ಲೋಕದ ಮೂಲೆಮೂಲೆಯಿಂದ ಬರುವ ದೂರುಗಳನ್ನು ಓದುವುದೇ ಅವಳ ಕೆಲಸ. ಆ ಕಂಪನಿ ತಯಾರಿಸುತ್ತಿದ್ದದ್ದು ಒಂದು ಬ್ರೌಸರ್. ವರ್ಷಕ್ಕೊಮ್ಮೆ ಅದಕ್ಕೊಂದು ಹೊಸ ಆವೃತ್ತಿ. ಹೊಸದು ಬರುವ ಮೊದಲು, ನಿಮಗೆ ಏನು ಬೇಕು, ಏನು ಬೇಡ ಹೇಳಿ ಎಂದು ಬಳಸುವವರನ್ನೆಲ್ಲ ಕೇಳುವುದು ಅಲ್ಲಿನ ಪದ್ಧತಿ. ಕೇಳಿದ್ದೇ ತಡ, ಕಟ್ಟೆ ಒಡೆದ ಹಾಗೆ ನುಗ್ಗಿ ಬರುತ್ತಿತ್ತು.

ಮೇಲಿನ ಪಟ್ಟಿ ಕೆಳಗಿರಲಿ ಎನ್ನುವವನೊಬ್ಬ, ಕೆಳಗಿನದು ಮೇಲಿರಲಿ ಎನ್ನುವವಳೊಬ್ಬಳು. ನೂರಾರು ಪುಟ ತೆರೆದಿಟ್ಟುಕೊಂಡು ನಿಧಾನವಾಯಿತು ಎಂದು ಗೋಳಾಡುವವನೊಬ್ಬ. ಬೇಡವಾದದ್ದನ್ನು ಮುಚ್ಚಬಾರದೇ ಎಂದರೆ ಹೆತ್ತ ಮಕ್ಕಳನ್ನು ಬೀದಿಗೆ ಹಾಕು ಎಂದ ಹಾಗೆ ಸಿಡುಕುತ್ತಿದ್ದ. ತಾನು ಹುಡುಕಿದ್ದೆಲ್ಲ ಹೆಂಡತಿಗೆ ಕಾಣುತ್ತಿದೆ, ಕೂಡಲೇ ಸರಿಪಡಿಸಿ ಎಂದು ಒಬ್ಬ ಬರೆದರೆ, ಗಂಡ ಹುಡುಕಿದ್ದು ಯಾವುದೂ ತನಗೆ ಕಾಣುತ್ತಿಲ್ಲ, ಕೂಡಲೇ ಸರಿಪಡಿಸಿ ಎಂದು ಇನ್ನೊಬ್ಬಳು. ಇಬ್ಬರೂ ಒಂದೇ ಸೂರಿನಡಿ ಇದ್ದಾರೇನೋ ಎಂದು ದೂರಮ್ಮ ಒಬ್ಬಳೇ ನಕ್ಕಿದ್ದಳು. ನಗು ಬಾರದವೂ ಇದ್ದವು. ಒಬ್ಬಾಕೆ ಬರೆದಿದ್ದಳು: ತೀರಿಹೋದ ನಮ್ಮವರು ನೋಡುತ್ತಿದ್ದ ಪುಟಗಳು, ನಾನು ಒಂದು ಅಕ್ಷರ ಒತ್ತಿದರೆ ಈಗಲೂ ತಾವಾಗಿಯೇ ಮುಂದೆ ಬರುತ್ತವೆ, ಹೊಸ ಆವೃತ್ತಿಯಲ್ಲಿ ದಯವಿಟ್ಟು ಅದನ್ನು ಅಳಿಸಬೇಡಿ.

ಇವನ್ನೆಲ್ಲ ಓದಿ, ಒಂದೇ ಥರದ್ದನ್ನು ಒಂದು ಗುಂಪಿಗೆ ಹಾಕಿ, ಯಾವುದಕ್ಕೆ ಎಷ್ಟು ಜನರ ಬೆಂಬಲವಿದೆ ಎಂದು ಬರೆದು ಮೇಲಕ್ಕೆ ಕಳಿಸುವುದು, ಅಲ್ಲಿನ ತೀರ್ಮಾನವನ್ನು ದೂರಿದವರಿಗೆ ತಿಳಿಸುವುದು, ಇಷ್ಟಕ್ಕೆ ಅವಳ ಕೆಲಸ ಮುಗಿಯುತ್ತಿತ್ತು. ಏನು ಇರಬೇಕು, ಏನು ಹೋಗಬೇಕು ಎಂದು ನಿರ್ಧರಿಸುವ ಮೇಲಧಿಕಾರಿಗೆ ಕತ್ತರಿ ಎಂದು ಹೆಸರು. ಮನುಷ್ಯ ಕೆಟ್ಟವನಲ್ಲ. ಯಾರ ಮೇಲೂ ದನಿ ಎತ್ತಿದವನಲ್ಲ. ಒಂದು ಸೌಲಭ್ಯವನ್ನು ಕತ್ತರಿಸಿದ ದಿನ ಮಾತ್ರ ಊಟದ ಹೊತ್ತಿನಲ್ಲಿ ಯಾರೊಡನೆಯೂ ಕೂರುತ್ತಿರಲಿಲ್ಲ.

ದೂರಮ್ಮನಿಗೆ ಒಬ್ಬ ಅಣ್ಣ. ಅವಳ ಮನೆಯಿಂದ ಎರಡು ಬೀದಿಯಾಚೆ ಅತ್ತಿಗೆಯ ಜೊತೆ ಇದ್ದ. ಊರಿನ ಗ್ರಂಥಾಲಯದಲ್ಲಿ ಅವನದು ಪ್ರಶ್ನೆಗಳ ವಿಭಾಗ. ಹದ್ದು ಎಷ್ಟು ವರ್ಷ ಬದುಕುತ್ತದೆ, ಹಳೆಯ ಸೇತುವೆ ಕಟ್ಟಿದವರು ಯಾರು, ಅಜ್ಜ ಹೇಳುತ್ತಿದ್ದ ಪದ್ಯದ ಮುಂದಿನ ಸಾಲೇನು, ಹೀಗೆ ಜನ ಏನು ಬೇಕಾದರೂ ಬರೆದು ಕೇಳುತ್ತಿದ್ದರು. ಅಣ್ಣ ಹುಡುಕಿ ಉತ್ತರ ಬರೆಯುತ್ತಿದ್ದ. ನಲವತ್ತು ದಾಟಿದ ಮೇಲೆ ಅವನ ಕಣ್ಣಿನ ನಡುವಿನ ನೋಟ ಹೋಯಿತು. ಅಂಚಿನ ನೋಟ ಉಳಿಯಿತು. ಯಾರನ್ನಾದರೂ ನೋಡಬೇಕೆಂದರೆ ಮುಖ ಪಕ್ಕಕ್ಕೆ ತಿರುಗಿಸಬೇಕಿತ್ತು. ಗೊತ್ತಿಲ್ಲದವರು ಇವನಿಗೆ ಎಷ್ಟು ಸೊಕ್ಕು ಎಂದುಕೊಳ್ಳುತ್ತಿದ್ದರು. ಓದಿ ಹೇಳುವ ಯಂತ್ರ ಇಟ್ಟುಕೊಳ್ಳಿ ಎಂದು ಬಂದವರೆಲ್ಲ ಬುದ್ಧಿ ಹೇಳಿ ಹೋಗಿದ್ದರು. ಅಣ್ಣನಿಗೆ ಚಿಕ್ಕಂದಿನಿಂದ ಕಿವಿಯೂ ಮಂದ. ಅಂಚಿನ ನೋಟಕ್ಕೆ ಸಿಕ್ಕಷ್ಟು ಎದುರು ಕೂತವರ ತುಟಿ, ಗೊತ್ತಿರುವ ದನಿ, ಇಷ್ಟರಲ್ಲಿ ಸುಧಾರಿಸುತ್ತಿದ್ದನೇ ಹೊರತು ಯಂತ್ರ ಗಡಗಡನೆ ಒದರುವುದು ಅವನಿಗೆ ಹತ್ತುತ್ತಿರಲಿಲ್ಲ.

ಅವನ ಕೈ ಹಿಡಿದದ್ದು ತಂಗಿಯ ಕಂಪನಿಯ ಬ್ರೌಸರ್. ಅದರಲ್ಲಿ ಎಲ್ಲೋ ಒಳಗೆ ಒಂದು ಹಳೆಯ ಸೌಲಭ್ಯವಿತ್ತು. ಯಾವ ಪುಟವನ್ನೇ ತೆರೆದರೂ ಅದರ ಬಣ್ಣ, ಚಿತ್ರ, ಥಳುಕು ಬಳುಕನ್ನೆಲ್ಲ ಒರೆಸಿಹಾಕಿ, ನಾವು ಹೇಳಿದ ಬಣ್ಣದಲ್ಲಿ, ನಾವು ಹೇಳಿದ ಗಾತ್ರದಲ್ಲಿ, ಒಂದೇ ಕಂಬಸಾಲಿನಲ್ಲಿ ಬರಹವನ್ನು ತೋರಿಸುತ್ತಿತ್ತು. ಅಣ್ಣ ಕಪ್ಪು ಪುಟದ ಮೇಲೆ ಅಂಗೈಯಗಲದ ಹಳದಿ ಅಕ್ಷರ ಇಟ್ಟುಕೊಂಡಿದ್ದ. ಪರದೆಯ ಪಕ್ಕದ ಗೋಡೆಯನ್ನು ನೋಡುತ್ತಾ ಪರದೆಯನ್ನು ಓದುತ್ತಿದ್ದ. ಬೇರೆ ಬ್ರೌಸರ್‌ಗಳಲ್ಲಿ ಇಂಥದ್ದು ಇರಲಿಲ್ಲ. ಎಲ್ಲವನ್ನೂ ಪ್ರಯತ್ನಿಸಿ ನೋಡಿಯಾಗಿತ್ತು.

ಆ ವರ್ಷ ಮುಂದಿನ ಆವೃತ್ತಿಯ ಬದಲಾವಣೆಗಳನ್ನು ಕಂಪನಿ ಪ್ರಕಟಿಸಿತು. ಕೆಳಗಡೆ ಎಲ್ಲೋ 'ಹಳೆಯ ಬಣ್ಣ ವ್ಯವಸ್ಥೆಯನ್ನು ತೆಗೆಯಲಾಗುವುದು' ಎಂಬ ಸಾಲಿತ್ತು. ದೂರಮ್ಮ ಅದನ್ನು ಓದಿದ್ದಳು, ಅರ್ಥ ಮಾಡಿಕೊಂಡಿರಲಿಲ್ಲ. ಮನೆಯಲ್ಲಿ ಅದಕ್ಕೆ ಆ ಹೆಸರೇ ಇರಲಿಲ್ಲ. 'ಅಣ್ಣನ ಕಪ್ಪು ಪುಟ' ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು, ಅಷ್ಟೆ.

ಕೆಲವು ದಿನಗಳ ಮೇಲೆ ಬಂದ ದೂರುಗಳ ನಡುವೆ ಒಂದು ಹೀಗಿತ್ತು: 'ಸ್ವಾಮಿ, ನಿಮ್ಮ ಹೊಸ ಮನೆ ಬಹಳ ಚೆನ್ನಾಗಿದೆಯಂತೆ, ಸಂತೋಷ. ಆದರೆ ಮನೆಗೆ ಸುಣ್ಣ ಬಳಿಯುವ ಭರದಲ್ಲಿ ಬಾಗಿಲಿಗೇ ಗೋಡೆ ಎಬ್ಬಿಸುತ್ತಿದ್ದೀರಿ. ಉಳಿದವರಿಗೆ ಕಿಟಕಿಯಾದರೂ ಇದೆ. ನಮ್ಮಂಥವರಿಗೆ ಇದ್ದದ್ದು ಆ ಬಾಗಿಲೊಂದೇ.' ಕೆಳಗೆ ಹೆಸರಿರಲಿಲ್ಲ. ಹೆಸರು ಬೇಕಾಗಿರಲಿಲ್ಲ. ಬೈಯುವಾಗಲೂ ಸ್ವಾಮಿ ಎಂದು ಶುರು ಮಾಡುವ ಒಬ್ಬನೇ ಒಬ್ಬ ಮನುಷ್ಯ ಅವಳಿಗೆ ಗೊತ್ತಿದ್ದದ್ದು. ಹಿಂದಿನ ಭಾನುವಾರವಷ್ಟೇ ಅವನ ಜೊತೆ ಕೂತು ಉಂಡು ಬಂದಿದ್ದಳು. ತಂಗಿಯನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂದು ಅವನು ತುಟಿ ಪಿಟಕ್ಕೆನ್ನದೆ, ಊರ ಜನರಂತೆ ಸರದಿಯಲ್ಲಿ ನಿಂತು ಅಹವಾಲು ಕೊಟ್ಟಿದ್ದ. ದೂರಮ್ಮ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ವಾರದ ಸಭೆಯಲ್ಲಿ ಅವಳು ಆ ಮಾತೆತ್ತಿದಳು. ಅಣ್ಣ ಎಂದು ಹೇಳಲಿಲ್ಲ, ಒಬ್ಬ ಬಳಕೆದಾರ ಎಂದಳು. ಕತ್ತರಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ತನ್ನ ಲೆಕ್ಕದ ನಕ್ಷೆ ತೋರಿಸಿದ. ಆ ಸೌಲಭ್ಯವನ್ನು ಬಳಸುವವರ ಗೆರೆ ನೆಲಕ್ಕೆ ಅಂಟಿಕೊಂಡಿತ್ತು, ಇಲ್ಲವೆನ್ನುವಷ್ಟು. ಅದನ್ನು ಬರೆದ ಪ್ರೋಗ್ರಾಮರ್ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಈಗ ಅದನ್ನು ಮುಟ್ಟಲು ಎಲ್ಲರಿಗೂ ಭಯ. ಒಂದು ಕಡೆ ಸರಿಮಾಡಿದರೆ ಮತ್ತೆರಡು ಕಡೆ ಹರಿಯುತ್ತಿತ್ತು.

ಲೆಕ್ಕದಲ್ಲಿ ಅವರು ಕಾಣದಿರುವುದಕ್ಕೆ ಕಾರಣವಿದೆ ಎಂದು ದೂರಮ್ಮ ವಾದಿಸಿದಳು. ಬಳಕೆಯನ್ನು ಎಣಿಸಲು ಒಪ್ಪಿಗೆ ಕೇಳುವ ಚೌಕ ಪರದೆಯ ನಟ್ಟನಡುವೆ ಬಂದು ಕೂರುತ್ತದೆ. ಅಷ್ಟು ದೊಡ್ಡ ಅಕ್ಷರ ಇಟ್ಟುಕೊಂಡವರಿಗೆ ಆ ಚೌಕವೇ ಪರದೆಯನ್ನೆಲ್ಲ ನುಂಗಿಬಿಡುತ್ತದೆ. ಕಾಟ ತಪ್ಪಲಿ ಎಂದು ಅವರು ಎಣಿಕೆಯನ್ನೇ ನಿಲ್ಲಿಸಿರುತ್ತಾರೆ. ಅವರು ಇದ್ದಾರೆ, ನಾವು ಎಣಿಸಿಲ್ಲ.

ಕತ್ತರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಾನು ನಿಮ್ಮ ಮಾತು ನಂಬ್ತೀನಿ. ಆದ್ರೆ ಬರೀ ನಂಬಿಕೆ ಇಟ್ಕೊಂಡು ಮೇಲಿನವರ ಹತ್ರ ಇಬ್ಬರು ಪ್ರೋಗ್ರಾಮರ್‌ಗಳನ್ನ ಕೇಳೋಕಾಗಲ್ಲ. ಬೆಂಬಲ ತೋರಿಸಿ, ಆಗ ಕೇಳ್ತೀನಿ."

ಅದು ತೇಲಿಸಿಬಿಡುವ ಮಾತೋ, ನಿಜವಾದ ದಾರಿಯೋ ಅವಳಿಗೆ ತಿಳಿಯಲಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅಂದು ಸಂಜೆ ಸೀದಾ ಅಣ್ಣನ ಮನೆಗೆ ಹೋದಳು. ಪತ್ರ ಓದಿದೆ ಎಂದಳು. ಅಣ್ಣ ಮೊದಲು ನಾಚಿದ, ಆಮೇಲೆ ರೇಗಿದ, ಕೊನೆಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಕಣ್ಣಾಸ್ಪತ್ರೆಯಲ್ಲಿ ಪರಿಚಯವಾದವರು, ಅವರ ಪರಿಚಯದವರು, ಬೇರೆ ಊರಿನ ಗ್ರಂಥಾಲಯಗಳವರು, ಹೀಗೆ ಅವನಿಗೊಂದು ಬಳಗವಿತ್ತು. ಅವರಿಗೆಲ್ಲ ಹೇಳು, ಎಲ್ಲರೂ ಬರೆಯಲಿ, ನಿನ್ನ ದೂರಿನ ಕೆಳಗಿರುವ ಬೆಂಬಲದ ಗುಂಡಿ ಒತ್ತಲಿ ಎಂದಳು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿನ್ನ ಕೆಲಸಕ್ಕೆ ಸಂಚಕಾರ ಬಂದೀತು ಎಂದು ಎಚ್ಚರಿಸಿದಳು. ಬಂದರೆ ಬರಲಿ ಎಂದಳು ದೂರಮ್ಮ. ಹಾಗೆ ಅನ್ನುವಾಗ ಅವಳಿಗೆ ಧೈರ್ಯವೇ ಇತ್ತು.

ಜನ ಬರೆದರು, ಬರೆಯುತ್ತಲೇ ಹೋದರು. ಒಬ್ಬ ವಕೀಲ, ಒಬ್ಬ ಟೀಚರು, ಮೊಮ್ಮಗಳ ಕಾಗದ ಓದಲು ಇದನ್ನೇ ನಂಬಿದ್ದ ಒಬ್ಬ ಮುದುಕಿ. ಆ ದೂರಿನ ಬೆಂಬಲದ ಗೆರೆ ಎರಡೇ ದಿನದಲ್ಲಿ ಗೋಡೆಯ ಹಾಗೆ ನೆಟ್ಟಗೆ ಎದ್ದಿತು. ದೂರಮ್ಮ ಅದನ್ನು ನೋಡುತ್ತಾ ಕೂತಿದ್ದಳು. ಆಗ ತಿಂದ ತಣ್ಣಗಾದ ಊಟವೂ ರುಚಿಯೆನಿಸಿತ್ತು. ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಆ ದೂರಿಗೆ ಬೀಗ ಬಿದ್ದಿತ್ತು. ಸುಳ್ಳು ಬೆಂಬಲವನ್ನು ಹಿಡಿಯುವ ಕಾವಲು ವ್ಯವಸ್ಥೆಯೊಂದಿತ್ತು. ಇದ್ದಕ್ಕಿದ್ದಂತೆ, ಒಂದೇ ವಿಷಯಕ್ಕೆ, ಎಣಿಕೆಗೆ ಸಿಗದ ಕಡೆಗಳಿಂದಲೇ ಬಂದ ಬೆಂಬಲವನ್ನು ಅದು ಯಾರೋ ಹೂಡಿದ ಹುನ್ನಾರ ಎಂದು ತೀರ್ಮಾನಿಸಿ ಅಷ್ಟನ್ನೂ ತಳ್ಳಿಹಾಕಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಕತ್ತರಿ ಅವಳನ್ನು ಒಳಗೆ ಕರೆದ. ಬಾಗಿಲು ಮುಚ್ಚಿದ.

"ನೀವೇ ಹೇಳಿ ಬರೆಸಿದ್ರಾ?"

"ಹೌದು ಸರ್. ಆದರೆ ಬರೆದವರೆಲ್ಲ ನಿಜವಾದ ಜನ. ಒಬ್ಬರು ನನ್ನ ಅಣ್ಣ."

ಕಾವಲು ವ್ಯವಸ್ಥೆ ತಪ್ಪು ಮಾಡಿದೆ ಎಂದು ತಾನು ಮೇಲಕ್ಕೆ ಬರೆಯಬಹುದಿತ್ತು; ಈಗ ಒಳಗಿನವರೇ ಜನರನ್ನು ಕೂಡಿಸಿದರು ಎಂದಾದ ಮೇಲೆ ಅದಕ್ಕೂ ಬಾಯಿಲ್ಲ ಎಂದ. ಅವಳ ಮೇಲೆ ವರದಿ ಮಾಡುವುದಿಲ್ಲ, ಆದರೆ ಆ ದೂರನ್ನು ಇವತ್ತೇ ಮುಗಿಸಿ ಬರೆದವರಿಗೆಲ್ಲ ಉತ್ತರ ಕಳಿಸಬೇಕು ಎಂದ. ಉತ್ತರ ಕಳಿಸುವ ಕೆಲಸ ಅವಳದೇ, ಅದನ್ನು ಓದುವವರಲ್ಲಿ ಅವಳ ಅಣ್ಣನೂ ಒಬ್ಬನಾಗಿದ್ದ. ಕತ್ತರಿ ಅದನ್ನು ಮರೆತಿದ್ದನೋ, ನೆನಪಿದ್ದೂ ಬೇರೆ ಯಾರಿಗೂ ಹೇಳಲಾರದೆ ಹೋದನೋ, ಅವಳು ಕೇಳಲಿಲ್ಲ.

ಇಂಥ ಉತ್ತರಗಳಿಗೆ ಸಿದ್ಧ ಮಾತುಗಳಿದ್ದವು. ನಿಮ್ಮ ಸಲಹೆಗೆ ಧನ್ಯವಾದ. ಪ್ರತಿಯೊಬ್ಬ ಬಳಕೆದಾರರೂ ನಮಗೆ ಮುಖ್ಯ. ಸದ್ಯಕ್ಕೆ ಇದನ್ನು ಕೈಗೆತ್ತಿಕೊಳ್ಳಲು ಸಾಧ್ಯವಾಗುತ್ತಿಲ್ಲ. ದೂರಮ್ಮ ಅದನ್ನು ಹಾಕಿದಳು, ತೆಗೆದಳು. ತನ್ನದೇ ಮಾತಿನಲ್ಲಿ ಬರೆಯಲು ಹೋದಳು. ಬರೆದದ್ದೆಲ್ಲ ಕ್ಷಮೆಯಾಯಿತು, ಕಂಪನಿಯ ಹೆಸರಿನಲ್ಲಿ ಅಂಥ ಕ್ಷಮೆ ಕೇಳುವ ಹಕ್ಕು ಅವಳಿಗಿರಲಿಲ್ಲ. ಕೊನೆಗೆ ಸಿದ್ಧ ಮಾತನ್ನೇ ಇಟ್ಟು, ತುದಿಯಲ್ಲಿ 'ನಿಮಗಾಗುವ ತೊಂದರೆ ನಮಗೆ ತಿಳಿದಿದೆ' ಎಂದೊಂದು ಸಾಲು ಸೇರಿಸಿ ಕಳಿಸಿದಳು.

ಭಾನುವಾರ ಅಣ್ಣನ ಮನೆಗೆ ಹೋಗಲು ಕಾಲು ಬರಲಿಲ್ಲ, ಆದರೂ ಹೋದಳು. ಊಟಕ್ಕೆ ಕೂತಾಗ ಅಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ತನ್ನನ್ನು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ಆ ಉತ್ತರ ಬರೆದಿದ್ದು ನೀನೇನಾ ಪುಟ್ಟಿ?"

"ಹೂಂ."

"ಕೊನೇ ಸಾಲು ನೋಡಿ ಅಂದ್ಕೊಂಡೆ. ಅದನ್ನ ಬರೀಬಾರದಿತ್ತು. ಇಲ್ಲದಿದ್ರೆ ಗೊತ್ತಿಲ್ಲದೆ ಮಾಡಿದ್ರು ಅಂತ ಉಳಿದವರು ಸಮಾಧಾನ ಮಾಡ್ಕೊತಿದ್ರು."

ಅವನು ಬೈಯಲಿಲ್ಲ, ಗ್ರಂಥಾಲಯದಲ್ಲಿ ಹೊಸಬರ ಉತ್ತರ ತಿದ್ದುವಾಗ ಹೇಳುವ ಹಾಗೆ ಹೇಳಿದ. ಅತ್ತಿಗೆ ಯಾರಿಗೂ ಬೇಡದ ಸಾರನ್ನು ಎಲ್ಲರ ತಟ್ಟೆಗೂ ಮತ್ತೊಮ್ಮೆ ಬಡಿಸಿದಳು.

ಹೊಸ ಆವೃತ್ತಿ ಬಂತು. ಅಣ್ಣ ಹಳೆಯದನ್ನೇ ಇಟ್ಟುಕೊಂಡ. ಒಂದಷ್ಟು ತಿಂಗಳು ಏನೂ ಆಗಲಿಲ್ಲ. ಹೆದರಿದ್ದೇ ಹೆಚ್ಚಾಯಿತೇನೋ ಎಂದು ಮೂವರೂ ಅಂದುಕೊಂಡರು. ಆಮೇಲೆ ಒಂದೊಂದೇ ಜಾಲತಾಣ, ನಿಮ್ಮ ಬ್ರೌಸರ್ ಹಳತಾಗಿದೆ, ಹೊಸದು ಹಾಕಿಕೊಂಡು ಬನ್ನಿ ಎಂದು ಹೊಸಿಲಲ್ಲೇ ತಡೆಯತೊಡಗಿತು. ಮೊದಲು ಬ್ಯಾಂಕು, ಆಮೇಲೆ ವಿಶ್ವಕೋಶ, ಪತ್ರಿಕೆಗಳು. ಒಂದು ದಿನ ಗ್ರಂಥಾಲಯದ್ದೇ ಪುಟ. ಜನರ ಪ್ರಶ್ನೆಗಳು ಆ ಪುಟದೊಳಗೆ ಬಂದು ಬೀಳುತ್ತಿದ್ದವು, ಅಣ್ಣ ಹೊರಗೆ ನಿಂತಿದ್ದ.

ಅತ್ತಿಗೆ ಓದಿ ಹೇಳುತ್ತೇನೆ ಎಂದು ಪಕ್ಕದಲ್ಲಿ ಕೂತಳು. ಅವಳಿಗೆ ಅವಳದೇ ಕೆಲಸವಿತ್ತು, ಹೊಲಿಗೆಯ ಅಂಗಡಿ. ಸಂಜೆ ಬಂದು ಕೂರುವ ಹೊತ್ತಿಗೆ ಅವಳ ಕಣ್ಣೇ ಸೋತಿರುತ್ತಿತ್ತು. ಇದು ಬೇಡ ಮುಂದಿನದು, ಅದಲ್ಲ ಅದರ ಕೆಳಗಿನದು ಎಂದು ಇವನು ಅವಸರಪಡಿಸುವುದು, ನಿಮಗೆ ಬೇಕಾದದ್ದು ಯಾವುದೆಂದು ನನಗೇನು ಕನಸು ಬೀಳುತ್ತದೆಯೇ ಎಂದು ಅವಳು ಸಿಡುಕುವುದು, ಆಮೇಲೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂರುವುದು ನಡೆಯಿತು. ಜಗಳವೆಂದರೇನೆಂದು ಅರಿಯದ ಮನೆ ಅದು. ಕೆಲವು ವಾರವಾದ ಮೇಲೆ ಅಣ್ಣನೇ ಸಾಕು ಎಂದ.

ಗ್ರಂಥಾಲಯದ ಮುಖ್ಯಸ್ಥೆ ತಾವೇ ಮನೆಗೆ ಬಂದರು. ಉತ್ತರಗಳು ತಡವಾಗುತ್ತಿವೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಇಷ್ಟು ವರ್ಷ ದುಡಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಬೇಕಾದ ಕಾಲ ಎಂದರು. ಅಣ್ಣ ತಲೆಯಾಡಿಸಿದ. ಅವರು ಹೋದ ಮೇಲೆ, ಒಬ್ಬ ಓದುಗ ಕೇಳಿದ್ದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು, ಉಳಿದದ್ದನ್ನು ಯಾರು ಹುಡುಕುತ್ತಾರೋ ಎಂದು ಅತ್ತಿಗೆಯ ಹತ್ತಿರ ಎರಡು ಸಲ ಅಂದನಂತೆ.

ದೂರಮ್ಮ ಕೆಲಸ ಬಿಡಲಿಲ್ಲ. ಬಿಡಬೇಕು ಎಂದು ಅಂದುಕೊಂಡಳು, ಬಿಟ್ಟರೆ ಅಣ್ಣನ ಪುಟ ವಾಪಸ್ಸು ಬರುತ್ತದೆಯೇ ಎಂದೂ ಅಂದುಕೊಂಡಳು. ಎರಡೂ ನಿಜವಾದ್ದರಿಂದ ದಿನ ಕಳೆಯುತ್ತಾ ಹೋಯಿತು. ಮತ್ತೆ ವರ್ಷ ತಿರುಗಿತು. ಕಂಪನಿ ಮತ್ತೆ, ನಿಮಗೆ ಏನು ಬೇಕು ಹೇಳಿ ಎಂದು ಜನರನ್ನು ಕೇಳಿತು, ಜನ ಮತ್ತೆ ಮುಗಿಬಿದ್ದು ಹೇಳಿದರು. ಕಪ್ಪು ಪುಟವನ್ನು ವಾಪಸ್ಸು ಕೊಡಿ ಎಂದು ಯಾರಾದರೂ ಬರೆದಿದ್ದಾರೆಯೇ ಎಂದು ಅವಳು ಹುಡುಕಿದಳು. ವಕೀಲನೂ ಬರೆದಿರಲಿಲ್ಲ, ಮುದುಕಿಯೂ ಇಲ್ಲ. ಬರೆಯಲು ಅವರಿಗೆ ಆ ಪುಟವೇ ಬೇಕಿತ್ತಲ್ಲ.

ಆ ವಾರ ಅವಳು ಅಣ್ಣನ ಎದುರು ಕೂತು, ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ, ಈ ಸಲ ನೇರವಾಗಿ ಮೇಲಿನವರಿಗೇ ಕೊಡುತ್ತೇನೆ ಎಂದಳು. ಅವನು ಬೇಡ ಬಿಡು ಎಂದ. ಅವಳು ಒತ್ತಾಯಿಸಿದಳು. ಅವನು ಮಾತು ಬದಲಿಸಿದ.

"ಹೊಸದು ನೋಡೋಕೆ ಹೇಗಿದೆ?"

ಅವಳು ಹೇಳಿದಳು. ಮೂಲೆಗಳೆಲ್ಲ ಗುಂಡಗಾಗಿವೆ, ಬಣ್ಣ ತಿಳಿಯಾಗಿದೆ, ಪುಟ ಜಾರಿಕೊಂಡು ಬಂದು ನಿಲ್ಲುತ್ತದೆ.

"ಜನಕ್ಕೆ ಹಿಡಿಸಿದೆಯಾ?"

ಸುಳ್ಳು ಹೇಳಬಹುದಿತ್ತು. ಆದರೆ ಬಂದ ಪತ್ರಗಳನ್ನೆಲ್ಲ ಓದಿದವಳು ಅವಳೇ. ಹಿಂದೆಂದೂ ಯಾವ ಆವೃತ್ತಿಗೂ ಇಷ್ಟು ಹೊಗಳಿಕೆ ಬಂದಿರಲಿಲ್ಲ. "ಹಿಡಿಸಿದೆ ಅಣ್ಣ," ಎಂದಳು.

ಅವನು ಎದ್ದು, ಬೀದಿ ಕೊನೆಯವರೆಗೆ ನಡೆದು ಬರೋಣವಾ ಎಂದು ಕೇಳಿದ. ಅತ್ತಿಗೆ ಅವನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟಳು. ಮೂವರೂ ಹೊರಟರು. ದಾರಿಯಲ್ಲಿ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಅಣ್ಣ ತಂಗಿಯ ತೋಳು ಹಿಡಿದುಕೊಂಡು ಮೆಲ್ಲಗೆ ನಡೆದ. ದಾರಿಯುದ್ದಕ್ಕೂ ಅವನು ಏನನ್ನೂ ಕೇಳಲಿಲ್ಲ.