ಚರ್ಮ ಕೆಡದ ಗುಂಡು

ಓಬಳೇಶಪ್ಪನ ಮನೆಯ ಪಡಸಾಲೆಯ ಗೋಡೆಗೆ ಚಿರತೆಯ ಚರ್ಮಗಳು ತೂಗುತ್ತಿದ್ದವು. ಎಲ್ಲವೂ ಅವನಪ್ಪ ಹೊಡೆದವು. ಹುಳ ಹಿಡಿದು, ಕೂದಲುದುರಿ, ಅವು ಚರ್ಮವೋ ಹಳೆಯ ಗೋಣಿಚೀಲವೋ ಎಂದು ಹತ್ತಿರ ಹೋಗಿ ನೋಡಬೇಕಿತ್ತು. ಆದರೂ ಕೂಡ್ಲಿಗಿಯಿಂದಲೋ ಕೊಟ್ಟೂರಿನಿಂದಲೋ ಬಂದ ನೆಂಟರು ಕತ್ತೆತ್ತಿ ನೋಡಿ, ಹುಬ್ಬೇರಿಸಿ, ಕೊನೆಗೆ ಕೇಳುವುದು ಒಂದೇ ಮಾತು: “ಇದರಾಗ ನೀವು ಹೊಡದದ್ದು ಯಾವುದ್ರಿ ನಾಯಕರ?”

ಅವನು ಹೊಡೆದದ್ದೆಲ್ಲ ಹಂದಿ. ಹಂದಿಯನ್ನು ಊರವರು ಹಂಚಿಕೊಂಡು ತಿಂದು ಬಾಯಿ ಒರೆಸಿಕೊಂಡ ಮೇಲೆ ಗೋಡೆಗೆ ಏನು ಉಳಿಯುತ್ತದೆ? ವಯಸ್ಸಾದ ಗಂಡಸಿಗೆ ಇದೂ ಒಂದು ಕೊರಗೇ ಎಂದು ನೀವು ನಗಬಹುದು. ನಗಿರಿ. ಅವನ ಹೆಂಡತಿ ಎರ್ರೆಮ್ಮನೂ ನಗುತ್ತಿದ್ದಳು. ಆದರೆ ಆ ಕೊರಗು ಒಬ್ಬ ಬಡಪಾಯಿಯ ಬಲಗೈಯನ್ನು ತಿಂದಿತು.

ಎಪ್ಪತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಊರ ಗುಡ್ಡಕ್ಕೆ ಒಂದು ಚಿರತೆ ಬಂದು ಸೇರಿತು. ಮೊದಲು ನಾಯಿ, ಆಮೇಲೆ ಕುರಿ, ಕೊನೆಗೆ ಸೌದೆಗೆ ಹೋದ ಒಬ್ಬ ಮುದುಕಿಯ ಮೇಲೆಯೇ ಹಾರಿತು. ಆಗಿನ್ನೂ ಬೇಟೆಯ ಕಾಯಿದೆ ಇಷ್ಟು ಬಿಗಿಯಾಗಿರಲಿಲ್ಲ. ಹೊಡೆಯಿರಿ ಎಂದು ಕಚೇರಿಯಿಂದ ಅಪ್ಪಣೆಯಾಯಿತು. ಸುತ್ತಮುತ್ತ ರೈಫಲ್ ಇದ್ದದ್ದು ಓಬಳೇಶಪ್ಪನ ಮನೆಯಲ್ಲಿ ಮಾತ್ರ. ಕೇಪಿನ ಬಂದೂಕುಗಳು ನಾಲ್ಕಾರು ಮನೆಯಲ್ಲಿದ್ದವು, ಆದರೆ ಅವುಗಳ ಗುಂಡು ಕಣಿವೆ ದಾಟುವಂಥದ್ದಲ್ಲ. ಈ ಚಿರತೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕಣಿವೆಯ ಆಚೆ ಹಾಸುಬಂಡೆಯ ಮೇಲೆ ಮುಂಜಾನೆಯ ಬಿಸಿಲಿಗೆ ಮೈಚಾಚಿ ಮಲಗುತ್ತಿತ್ತು. ಈಚೆ ಬಂಡೆಯಿಂದಲೇ ದೂರದ ಗುರಿ ಹಿಡಿಯಬೇಕು.

ಅಪ್ಪ ಬಿಟ್ಟುಹೋದ ಡಬ್ಬಿಯಲ್ಲಿ ಎರಡು ಬಗೆಯ ಗುಂಡುಗಳಿದ್ದವು. ಒಂದರ ಮೂತಿಯಲ್ಲಿ ಮೆತ್ತನೆಯ ಸೀಸ ಹೊರಗೆ ಕಾಣುತ್ತಿತ್ತು. ಇನ್ನೊಂದಕ್ಕೆ ಮೂತಿಯ ತನಕ ತಾಮ್ರದ ಕವಚ. ಸೀಸದ್ದು ಮೈಯೊಳಗೆ ಹೊಕ್ಕ ಕೂಡಲೇ ಅರಳುತ್ತದೆ, ಪ್ರಾಣಿ ನಿಂತಲ್ಲೇ ಬೀಳುತ್ತದೆ. ಆದರೆ ಆಚೆ ಬದಿಗೆ ಹೊರಬರುವಾಗ ಅಂಗೈಯಗಲದ ತೂತು ಮಾಡಿ ಚರ್ಮವನ್ನು ಹರಿದು ಹಾಕುತ್ತದೆ. ತಾಮ್ರದ್ದು ದಬ್ಬಣದ ಹಾಗೆ ಈಚೆಯಿಂದ ಹೊಕ್ಕು ಆಚೆ ಹೋಗುತ್ತದೆ. ಕಾಡುಕೋಣದಂಥ ದಪ್ಪ ಮೈಗೆ ಅದೇ ಸರಿ. ತೆಳು ಮೈಯ ಚಿರತೆಗೆ ಅದು ತಗುಲಿದರೂ ಪ್ರಾಣಿ ಗಾಯಗೊಂಡು ಪೊದೆ ಸೇರುತ್ತದೆ, ಗಾಯಗೊಂಡ ಚಿರತೆಗಿಂತ ಕೆಟ್ಟದ್ದು ಗುಡ್ಡದಲ್ಲಿ ಇನ್ನೊಂದಿಲ್ಲ. “ಚಿರತಿಗೆ ಸೀಸ, ಕೋಣಕ್ಕ ತಾಮ್ರ” ಎಂದು ಅಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದ.

ಓಬಳೇಶಪ್ಪನಿಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿದ್ದೇ ಅವನ ಮನಸ್ಸು ತೂಗುಯ್ಯಾಲೆ ಆಡಿತು. ತಾಮ್ರದ ಗುಂಡಿಗೆ ಚರ್ಮ ಕೆಡುವುದಿಲ್ಲ, ಒಂದು ಬೊಟ್ಟಿನಷ್ಟು ತೂತು, ಅಷ್ಟೆ.

ಬೇಟೆಗೆ ಹೋಗುವ ಮುನ್ನ ಗುಡ್ಡದವ್ವನ ಗುಡಿಯಲ್ಲಿ ಹೂವಿನ ಅಪ್ಪಣೆ ಕೇಳುವುದು ಆ ಊರಿನ ಪದ್ಧತಿ. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಹೋಗಬಹುದು, ಎಡಗಡೆಯದು ಬಿದ್ದರೆ ಕೂಡದು. ಊರ ಪರವಾಗಿ ಪೂಜಾರಿ ಸುಂಕಪ್ಪ ಬಾಯಿಬಿಟ್ಟು ಕೇಳಿದ. ಓಬಳೇಶಪ್ಪ ಕೈಮುಗಿದು ಮನಸ್ಸಿನಲ್ಲೇ ತನ್ನದೊಂದು ಪ್ರಶ್ನೆ ಸೇರಿಸಿದ: ತಾಯೀ, ಬಲಕ್ಕೆ ಕೊಟ್ಟರೆ ಸೀಸ, ಎಡಕ್ಕೆ ಕೊಟ್ಟರೆ ತಾಮ್ರ. ಎಡಕ್ಕೆ ಕೊಟ್ಟರೆ ಬೇಟೆಯೇ ಇಲ್ಲ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಆಸೆ ಹತ್ತಿದವನ ಲೆಕ್ಕ ಹಾಗೆಯೇ.

ಹೂವು ಬಲಕ್ಕೆ ಬಿತ್ತು. “ಅವ್ವ ಕೊಟ್ಟಾಳ, ನಡೀರಿ” ಎಂದ ಸುಂಕಪ್ಪ. ಓಬಳೇಶಪ್ಪ ಎಲ್ಲರ ಎದುರಿಗೇ ಸೀಸದ ಗುಂಡು ತುಂಬಿಕೊಂಡ. ತಾಮ್ರದ್ದೊಂದು ಜೇಬಿನಲ್ಲಿ ಉಳಿಯಿತು.

ಗುಡ್ಡದ ಸಂದುಗೊಂದು ಬಲ್ಲ ಕುರಿಗಾಹಿ ಕರಿಸಿದ್ದಪ್ಪ ಅವನ ಜೊತೆಗೆ ಬಂದ. ಇಬ್ಬರೂ ಈಚೆ ಬಂಡೆಯ ಮೇಲೆ ಹೊಟ್ಟೆಯೂರಿ ಮಲಗಿ ಕಣಿವೆಯಾಚೆ ನೋಡಿದರು. ಚಿರತೆ ಅಲ್ಲೇ ಇತ್ತು. ಎಳೆಬಿಸಿಲಿಗೆ ಅದರ ಮೈ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಂಥ ಚರ್ಮವನ್ನು ಓಬಳೇಶಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನು ಸದ್ದಾಗದಂತೆ ಸೀಸದ ಗುಂಡನ್ನು ಹೊರತೆಗೆದು ತಾಮ್ರದ್ದನ್ನು ಹಾಕಿದ.

“ಯಾಕ್ರಿ ನಾಯಕರ, ಬದಲ್ ಮಾಡಿದ್ರಿ?” ಎಂದ ಕರಿಸಿದ್ದಪ್ಪ ಪಿಸುದನಿಯಲ್ಲಿ.

“ದೂರಕ್ಕ ಇದೇ ಚೊಲೋ” ಎಂದ ಓಬಳೇಶಪ್ಪ.

ಗುರಿ ತಪ್ಪಲಿಲ್ಲ. ಚಿರತೆ ಮೇಲಕ್ಕೆ ನೆಗೆದು, ಬಿದ್ದು, ಹೊರಳಿ, ಬಂಡೆಯ ಹಿಂದಿನ ಪೊದೆಗೆ ಇಳಿಯಿತು. “ಮುಗೀತ್ರಿ ಅದರ ಕತಿ!” ಎಂದು ಕರಿಸಿದ್ದಪ್ಪ ಕಣಿವೆಗೆ ಇಳಿದೇಬಿಟ್ಟ. ಒಳ್ಳೆಯ ಗುಂಡು ಬಿದ್ದಿದೆ ಎಂಬ ನಂಬಿಕೆ ಅವನದು. ನಿಲ್ಲು ಎನ್ನಲು ಓಬಳೇಶಪ್ಪನ ಬಾಯಿ ಏಳಲಿಲ್ಲ. ನಿಲ್ಲು ಎಂದರೆ ಯಾಕೆ ಎಂದು ಹೇಳಬೇಕಿತ್ತು. ಓಬಳೇಶಪ್ಪ ಹಿಂದಿನಿಂದ ಅರ್ಧ ಕಣಿವೆ ಇಳಿಯುವಷ್ಟರಲ್ಲಿ ಪೊದೆಯಿಂದ ಕರಿಸಿದ್ದಪ್ಪನ ಕೂಗು ಕೇಳಿಸಿತು. ಕೆಳಗೆ ಕಾದಿದ್ದ ಹುಡುಗರು ನಾಯಿ, ಕೊಡಲಿ ಸಮೇತ ಓಡಿಬಂದು ಚಿರತೆಯನ್ನು ಕಡಿದು ಕೊಂದರು. ಕರಿಸಿದ್ದಪ್ಪನ ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಅದನ್ನು ಮೊಣಕೈ ಮೇಲಕ್ಕೆ ತೆಗೆದರು. ಇನ್ನು ಆ ಚರ್ಮವೋ, ಕೊಡಲಿ ಏಟಿಗೆ ಚಿಂದಿಯಾಗಿ ಯಾರ ಗೋಡೆಗೂ ಬಾರದೆ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ಓಬಳೇಶಪ್ಪ ಒಳಗೊಳಗೇ ಬೆಂದು ಸುಮ್ಮನಾಗುತ್ತಿದ್ದನೇನೋ. ಆದರೆ ಊರು ಸುಮ್ಮನಾಗಲಿಲ್ಲ. ದೇವಿ ಬಲಕ್ಕೆ ಕೊಟ್ಟ ಮೇಲೂ ಕೇಡಾಯಿತೆಂದರೆ ಯಾರದೋ ಮೈಲಿಗೆ ತಗುಲಿರಬೇಕು ಎಂದ ಸುಂಕಪ್ಪ. ಹುಡುಕುವವರಿಗೆ ಸಿಗದೇ ಇರುತ್ತದೆಯೇ? ಅಪ್ಪಣೆಯ ದಿನ ಗುಡಿಗೆ ಎಣ್ಣೆ ತಂದವಳು ಕರಿಸಿದ್ದಪ್ಪನ ಹೆಂಡತಿ ಪಕ್ಕೀರಮ್ಮ. ಮರುದಿನವೇ ಅವಳು ಹೊರಗಾಗಿದ್ದಳು. ಮರುದಿನವಲ್ಲ, ಅವತ್ತೇ ಆಗಿದ್ದು ಮುಚ್ಚಿಟ್ಟಿದ್ದಾಳೆ ಎಂದು ಬಾವಿಕಟ್ಟೆಯಲ್ಲಿ ತೀರ್ಮಾನವಾಯಿತು. ದೇವಿ ಶಾಂತಳಾಗುವ ತನಕ ಅವಳು ತನ್ನ ತವರೂರು ಇಟ್ಟಿಗಿಗೆ ಹೋಗಿರಬೇಕು ಎಂದರು. ಒಂಟಿಗೈಯ ಗಂಡನಿಗೆ ಉಣ್ಣಿಸುವವರು ಯಾರು, ಕುರಿ ನೋಡುವವರು ಯಾರು ಎಂದು ಯಾರೂ ಕೇಳಲಿಲ್ಲ.

ಓಬಳೇಶಪ್ಪನಿಗೆ ಅನ್ನ ಸೇರದಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಊರಲ್ಲಿ ಯಾರಾದರೂ ಬಂದೂಕಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಕೊನೆಗೆ ಎರ್ರೆಮ್ಮನ ಮುಂದೆ ಎಲ್ಲವನ್ನೂ ಹೇಳಿದ.

ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಬದಿಗಿಟ್ಟಳು. “ನಿಮ್ಮ ಹೊಟ್ಟ್ಯಾಗ ಇಟ್ಗಂಡ್ರ ನಿಮಗ ಉರಿ. ಆಕಿ ಮ್ಯಾಲ ಹಾಕಿದ್ರ ಆಕಿ ಮನಿಗೇ ಉರಿ. ಹೋಗಿ ಹೇಳ್ರಿ” ಎಂದಳು.

ಪಕ್ಕೀರಮ್ಮನನ್ನು ಕಳಿಸುವ ದಿನ ಗುಡಿಯ ಮುಂದೆ ಜನ ಸೇರಿದ್ದರು. ಅವಳು ಗಂಟು ಕಟ್ಟಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು. ಕರಿಸಿದ್ದಪ್ಪ ಕಟ್ಟೆಯ ಮೇಲೆ ಖಾಲಿ ತೋಳನ್ನು ಮಡಿಚಿಕೊಂಡು ಕೂತಿದ್ದ. ಓಬಳೇಶಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ತಪ್ಪು ಈ ಹೆಣ್ಣಮಗಳದಲ್ಲ. ನಂದು. ಸೀಸದ ಗುಂಡು ಹೊಡೀಬೇಕಿತ್ತು. ಅವ್ವನೂ ಅದನ್ನ ಕೊಟ್ಟಿದ್ಲು. ಚರ್ಮದ ಆಸಿಗೆ ನಾ ಅದನ್ನ ತಗದು ತಾಮ್ರದ್ದು ಹಾಕಿದೆ. ಅದಕ್ಕ ಚಿರತಿ ಸಾಯ್ಲಿಲ್ಲ” ಎಂದ. ಹೇಳಿದ ಕೂಡಲೇ ಎದೆ ಹಗುರಾಯಿತು. ಜನ ಬೈಯಲಿ, ಉಗಿಯಲಿ, ಬಂದೂಕು ಕಸಿದುಕೊಳ್ಳಲಿ ಎಂದು ಕಾದು ನಿಂತ.

ಯಾರೂ ಬೈಯಲಿಲ್ಲ. ಗುಂಡಿಗೂ ಗುಂಡಿಗೂ ಇರುವ ಭೇದ ಅಲ್ಲಿದ್ದವರಲ್ಲಿ ಎಷ್ಟು ಜನಕ್ಕೆ ಗೊತ್ತು? ಸುಂಕಪ್ಪ ಕರಿಸಿದ್ದಪ್ಪನ ಕಡೆ ತಿರುಗಿದ. “ನೀ ಬಾಜೂಕ ಇದ್ದ್ಯಲ್ಲ, ಹೌದೇನಪ?”

“ಬದಲ್ ಮಾಡಿದ್ದು ಖರೇ” ಎಂದ ಕರಿಸಿದ್ದಪ್ಪ. ಅವನ ಕಣ್ಣಲ್ಲಿ ಓಬಳೇಶಪ್ಪನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. “ದೂರಕ್ಕ ಇದೇ ಚೊಲೋ ಅಂತ ಹಾಕಿದ್ರು. ಗುರಿ ಸೈತ ತಪ್ಪಿಲ್ಲ. ನಾಯಕರದು ಏನೂ ತಪ್ಪಿಲ್ಲ ಬಿಡ್ರಿ.”

“ಅದು ನಾ ಸುಳ್ಳು ಹೇಳಿದ್ದೋ ಮಾರಾಯ!” ಎಂದು ಓಬಳೇಶಪ್ಪ ಕೂಗಿದ.

ಜನ ತಲೆದೂಗಿದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. “ನೋಡ್ರಪಾ, ಬಡ ಹೆಣ್ಣಮಗಳ ತಪ್ಪು ತಮ್ಮ ತಲಿ ಮ್ಯಾಲ ಹೊತ್ಗಂಡು ನಿಂತಾರ. ದೊಡ್ಡ ಮನಿತನ ಅಂದ್ರ ಇದು” ಎಂದ ಸುಂಕಪ್ಪ. “ಅವರ ಮಾತಿಗೆ ಬೆಲಿ ಕೊಟ್ಟು ಬಿಡೂಣು. ಪಕ್ಕೀರವ್ವ, ಊರು ಬಿಡಬ್ಯಾಡ. ಬಾ, ನಾಯಕರ ಕಾಲಿಗೆ ಬೀಳು.”

ಪಕ್ಕೀರಮ್ಮ ಗಂಟು ಕೆಳಗಿಟ್ಟು ಬಂದಳು. ಎಲ್ಲರ ಮುಖಕ್ಕಿಂತ ಅವಳ ಮುಖ ಕಂಡೇ ಅವನಿಗೆ ಭಯವಾಯಿತು, ಅವಳೊಬ್ಬಳು ಅವನ ಮಾತನ್ನು ನಂಬಿದ್ದಳು.

“ಸೀಸದ್ದು ಹೊಡದಿದ್ರ ನನ್ನ ಗಂಡನ ಕೈ ಇರತಿತ್ತೇನ್ರಿ?” ಎಂದು ಅವನಿಗಷ್ಟೇ ಕೇಳುವ ಹಾಗೆ ಕೇಳಿದಳು.

“ಇರತಿತ್ತವ್ವ.”

ಅವಳು ಒಮ್ಮೆ ಗಂಡನ ಕಡೆ ನೋಡಿದಳು, ಒಮ್ಮೆ ಊರಿನ ಕಡೆ ನೋಡಿದಳು. ಬೀಳದಿದ್ದರೆ ಇಟ್ಟಿಗಿಯ ದಾರಿ ತೆರೆದೇ ಇತ್ತು. ಓಬಳೇಶಪ್ಪ ಕಾಲು ಹಿಂದಕ್ಕೆಳೆದುಕೊಂಡ. “ಬ್ಯಾಡವ್ವ, ಬ್ಯಾಡ” ಎಂದ. ಯಾರೋ ಹಿಂದಿನಿಂದ, “ನಿಲ್ರಿ ನಾಯಕರ, ಪಾಪ ಬೀಳಲಿ” ಎಂದು ಅವನ ಹೆಗಲು ಹಿಡಿದು ನಿಲ್ಲಿಸಿದರು. ಪಕ್ಕೀರಮ್ಮ ಸೆರಗು ಹೊದ್ದು ಬಾಗಿ, ಅವನ ಪಾದಕ್ಕೆ ಹಣೆ ಹಚ್ಚಿದಳು.