ಗೋಡೆಗೆ ಮರಳಿದ ಅಜ್ಜಿ

ಪುಟ್ಟು ಎಂದರೆ ಪುಟ್ಟ ಹುಡುಗನೇನಲ್ಲ, ಮೂವತ್ತೈದು ದಾಟಿದ ಭಾರೀ ಆಳು. ಬರೆದ ಅಕ್ಷರ, ಅಂಕಿ ತಲೆಗೆ ಹತ್ತುತ್ತಿರಲಿಲ್ಲ. ಹತ್ತು ಬೆರಳಿನ ಎಣಿಕೆ ಮಾತ್ರ ಪಕ್ಕಾ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವನಿಗೆ ಕೆಲಸ ಕಲಿಸಲು ಬಂದ ತರಬೇತಿಯ ಅಕ್ಕ ಬಣ್ಣದ ಚೀಟಿಗಳನ್ನು ಅಂಟಿಸಿ ಅಂಟಿಸಿ ಸುಸ್ತಾದಳು. ಕೊನೆಗೆ ಅವನ ಮನೆಗೇ ಹೋದಳು. ಅಲ್ಲಿ ಅಮ್ಮ ಬೀರುವಿನ ಒಂದೊಂದು ಖಾನೆಗೂ ಒಬ್ಬೊಬ್ಬರ ಫೋಟೊ ಅಂಟಿಸಿದ್ದಳು. ಪುಟ್ಟು ಮನೆಯವರ ಬಟ್ಟೆಗಳನ್ನೆಲ್ಲ ಒಂದೂ ತಪ್ಪದೆ ಜೋಡಿಸುತ್ತಿದ್ದ.

ಅದೇ ಫೋಟೊಗಳು ಆಸ್ಪತ್ರೆಯ ಗೋಡೆ ಏರಿದವು. ಚೂರು ಕೊಳೆಯನ್ನೂ ಸಹಿಸದ ಅಜ್ಜಿ ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ಖಾನೆಯ ಮೇಲೆ, ತಂಗಿ ಮಕ್ಕಳ ವಾರ್ಡಿನ ಬಾತುಕೋಳಿ ಚಿತ್ರದ ಹೊದಿಕೆಗಳ ಮೇಲೆ, ದಾರಿಹೋಕರನ್ನೆಲ್ಲ ಊಟಕ್ಕೆ ಕರೆತರುವ ಅಪ್ಪ ಜನರಲ್ ವಾರ್ಡಿನ ಖಾನೆಯ ಮೇಲೆ. ಎರಡು ವರ್ಷ ಪುಟ್ಟು ಒಮ್ಮೆಯೂ ತಪ್ಪಲಿಲ್ಲ. ಜೊತೆಯ ಹೆಂಗಸರೂ ಓದುವ ಗೋಜು ಬಿಟ್ಟು ಫೋಟೊ ನೋಡಿಯೇ ಜೋಡಿಸತೊಡಗಿದರು.

ಆಗ ವಕ್ಕರಿಸಿದ ಹೊಸ ಸೂಪರ್‌ವೈಸರ್.

"ಇದೇನು ಕೆಲಸದ ಜಾಗನಾ, ನಿಮ್ಮನೆ ನಡುಮನೆನಾ?" ಎನ್ನುತ್ತ ಫೋಟೊಗಳನ್ನು ಕಿತ್ತು ಡ್ರಾಯರಿಗೆ ತುರುಕಿದ. ಅಲ್ಲೆಲ್ಲ ನಂಬರ್ ಚೀಟಿ ಬಂತು. ಪುಟ್ಟು ತಡಬಡಿಸಿದ. ಆ ಪುಣ್ಯಾತ್ಮ ಎಲ್ಲರೆದುರು ಅವನ ಕೈಲಿ ಒಂದೇ ಹೊದಿಕೆಯನ್ನು ಮತ್ತೆ ಮತ್ತೆ ಮಡಚಿಸಿದ.

"ಸೊಟ್ಟ ಇದೆ. ಬಿಚ್ಚು. ಮತ್ತೆ ಮಡಿಸು."

ಒಂಬತ್ತು ಸಲ. ಪುಟ್ಟು ಲೆಕ್ಕ ಇಟ್ಟುಕೊಂಡ.

"ಈ ವಾರ ಮುಗಿದ್ಮೇಲೆ ಬರಬೇಡ. ಅಲ್ಲೀವರೆಗೂ ಏನೂ ಮುಟ್ಟದೆ, ಬಾಯಿ ಮುಚ್ಕೊಂಡು ಗೋಡೆ ಹತ್ರ ನಿಂತ್ಕೋ."

ಕೆಲಸ ಹೋದರೆ ಮತ್ತೆ ಮೊದಲಿನಂತೆ ದಿನವಿಡೀ ಮನೆಯ ಕಿಟಕಿ ಬಳಿ ಕೂರುವುದೇ ಗತಿ ಎಂದು ಪುಟ್ಟುವಿಗೆ ಗೊತ್ತಿತ್ತು. ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಮರುದಿನ ಹೆಂಗಸರು ನಂಬರಿನ ಗೊಂದಲದಲ್ಲಿ ಬಾತುಕೋಳಿಗಳನ್ನು ಆಪರೇಷನ್ ಕೋಣೆಯ ಗಾಡಿಗೆ ಹೇರಿದರು. ಪುಟ್ಟು ಕಣ್ಣಾರೆ ನೋಡಿದ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಗಾಡಿ ಲಿಫ್ಟ್ ಹತ್ತಿತು, ಅವನ ಹೊಟ್ಟೆ ತಣ್ಣಗಾಯಿತು.

ಅರ್ಧ ಗಂಟೆಯಲ್ಲಿ ಹೆಡ್ ನರ್ಸ್ ಬಾತುಕೋಳಿ ಹೊದಿಕೆ ಹಿಡಿದು ಕೆಳಗಿಳಿದಳು. ವಾರದ ಭೇಟಿಗೆ ಬಂದಿದ್ದ ತರಬೇತಿಯ ಅಕ್ಕನೂ ಹಿಂದೆಯೇ ಬಂದಳು.

"ಯಾರ ಕೆಲಸ ಇದು?" ಎಂದಳು ಹೆಡ್ ನರ್ಸ್.

ಸೂಪರ್‌ವೈಸರ್ ಪುಟ್ಟುವಿನತ್ತ ಬೆರಳು ಮಾಡಿದ.

"ನಾನು ಮುಟ್ಟಿಲ್ಲ. ಮುಟ್ಟಬೇಡ, ಬಾಯಿ ಮುಚ್ಕೊಂಡಿರು ಅಂದ್ರು," ಎಂದ ಪುಟ್ಟು, ಅಕ್ಕ ಕಲಿಸಿದ ಹಾಗೆ ಮುಖ ನೋಡಿ, ನಿಧಾನವಾಗಿ.

"ಹೌದು ಸಿಸ್ಟರ್, ಬೆಳಗ್ಗೆಯಿಂದ ನಿಂತೇ ಇದಾನೆ," ಎಂದರು ಹೆಂಗಸರು.

ಹೆಡ್ ನರ್ಸ್ ಬೋಳು ಗೋಡೆ ನೋಡಿದಳು. "ಫೋಟೊ ಎಲ್ಲ ಈಗಲೇ ಅಂಟಿಸ್ರಿ, ನೀವೇ. ಸರಿ ಇದೆಯೋ ಇಲ್ವೋ ಅಂತ ಇವನು ಹೇಳ್ತಾನೆ. ಇವನು ಇಲ್ಲಿಂದ ಎಲ್ಲೂ ಹೋಗಲ್ಲ."

ಸೂಪರ್‌ವೈಸರ್ ಸ್ಟೂಲ್ ಹತ್ತಿ ಅಜ್ಜಿಯನ್ನು ಅಂಟಿಸಿದ. ಪುಟ್ಟು ತಲೆ ಓರೆ ಮಾಡಿ ನೋಡಿದ.

"ಸೊಟ್ಟ ಇದೆ. ತೆಗೀರಿ. ಮತ್ತೆ ಅಂಟಿಸಿ."

ತೆಗೆದ, ಅಂಟಿಸಿದ. ಮತ್ತೆ ಸೊಟ್ಟ. ಅವನ ಅಂಗಿ ಬೆವರಿ ಬೆನ್ನಿಗಂಟಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಜ್ಜಿ ಮೊದಲ ಸಲವೇ ನೆಟ್ಟಗೆ ಕೂತಿದ್ದಳು.

"ಸಾಕು ಬಿಡು ಪುಟ್ಟು," ಎಂದಳು ಅಕ್ಕ ಮೆಲ್ಲಗೆ.

ಪುಟ್ಟು ಮಡಿಸಿದ ಬೆರಳುಗಳನ್ನು ತೋರಿಸಿದ.

"ಆರಾಯ್ತು ಅಕ್ಕ. ಇನ್ನೂ ಮೂರಿದೆ."